ಒಂದೇ ಗೇಮು, ಮೂರು ತಾರೀಕು: ಎರಡನೇ ಸಲ ಮಾರುವುದು ಅಷ್ಟು ಸುಲಭವಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ‘ಜಿಟಿಎ 6’ (ಗ್ರ್ಯಾಂಡ್ ಥೆಫ್ಟ್ ಆಟೊ 6) ಎಂಬ ವಿಡಿಯೊ ಗೇಮ್ ಕುರಿತು ಬಂದ ಬರಹ ಓದಿದೆವು. ಈಗಿರುವ ಘೋಷಣೆಯಂತೆ ಆ ಗೇಮ್ 2026ರ ನವೆಂಬರ್ 19ಕ್ಕೆ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಕನ್ಸೋಲ್‌ಗಳಿಗೆ, ಅಂದರೆ ಟಿವಿಗೆ ಜೋಡಿಸಿ ಗೇಮ್ ಆಡುವ ಯಂತ್ರಗಳಿಗೆ, ಬರುತ್ತದೆ. ಪಿಸಿಗೆ ಯಾವಾಗ ಎಂಬುದನ್ನು ಅದರ ತಯಾರಕ ರಾಕ್‌ಸ್ಟಾರ್ ಕಂಪನಿ ಹೇಳಿಲ್ಲ. ಒಂದೇ ಸರಕನ್ನು ಎರಡೆರಡು ಸಲ ಮಾರುವ ಉಪಾಯವಿದು, ಗೇಮ್ ಕಂಪನಿಗಳೆಲ್ಲ ಹೀಗೇ ದುಡ್ಡು ಬಾಚಿಕೊಳ್ಳುತ್ತಿವೆ ಎಂಬುದು ಆ ಬರಹದ ತಾತ್ಪರ್ಯ. ದಾವಣಗೆರೆಯಲ್ಲಿ ಡಿಸ್ಕ್ ಮಾರುವುದು, ಪಿಸಿ ಜೋಡಿಸಿಕೊಡುವುದು, ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಗೇಮ್ ತಯಾರಿಕೆ ಹೇಳಿಕೊಡುವುದು, ಇಂಥ ಕೆಲಸಗಳಲ್ಲಿರುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಆ ಮಾತು ಒಂದೆರಡು ಕಂಪನಿಗಳ ಮಟ್ಟಿಗೆ ನಿಜ. ಉಳಿದ ದೊಡ್ಡ ಕಂಪನಿಗಳಿಗೆ ಎರಡನೇ ತಾರೀಕು ಬಹುಪಾಲು ನಷ್ಟದ ಬಾಬತ್ತು. ಇನ್ನು ನಾಲ್ಕೈದು ಜನರ ತಂಡಕ್ಕೆ ಅದು ಉಪಾಯವೂ ಅಲ್ಲ, ನಷ್ಟವೂ ಅಲ್ಲ, ಬೇರೆ ದಾರಿಯೇ ಇಲ್ಲದ ಅನಿವಾರ್ಯ. ಈ ಮೂರನ್ನೂ ಒಂದೇ ತಕ್ಕಡಿಗೆ ಹಾಕಿದ್ದರಿಂದ ಲೆಕ್ಕ ತಪ್ಪಿದೆ.

(ಇಲ್ಲಿ ಹೇಳುತ್ತಿರುವುದು ದುಡ್ಡು ಕಟ್ಟಿ ಆಡುವ ಆಟಗಳ ವಿಷಯವಲ್ಲ. ಅವನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ‘ಗೇಮಿಂಗ್’ ಎಂದ ಕೂಡಲೇ ಜೂಜು ಎಂದುಕೊಳ್ಳುವವರು ಇನ್ನೂ ಇರುವುದರಿಂದ ಇಷ್ಟು ಹೇಳಬೇಕಾಯಿತು.)

ಮೊದಲು ‘ಜಿಟಿಎ 5’ನ ತಾರೀಕುಗಳನ್ನೇ ನೋಡೋಣ. 2013ರ ಸೆಪ್ಟೆಂಬರ್ 17ಕ್ಕೆ ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360. 2014ರ ನವೆಂಬರ್ 18ಕ್ಕೆ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್. 2015ರ ಏಪ್ರಿಲ್ 14ಕ್ಕೆ ಪಿಸಿ. 2022ರ ಮಾರ್ಚ್ 15ಕ್ಕೆ ಈಗಿನ ಪೀಳಿಗೆಯ ಕನ್ಸೋಲ್‌ಗಳು. ಮೊದಲ ಮೂರೇ ದಿನದಲ್ಲಿ 100 ಕೋಟಿ ಡಾಲರ್ ವಹಿವಾಟು ನಡೆಯಿತು, ಇಲ್ಲಿಯವರೆಗೆ 20 ಕೋಟಿಗೂ ಹೆಚ್ಚು ಪ್ರತಿಗಳು ಹೋಗಿವೆ. ಇದನ್ನು ಕಂಡವರಿಗೆ ತಾರೀಕು ಒಡೆದರೆ ಸಾಕು, ಮಾರಾಟ ಬೆಳೆಯುತ್ತದೆ ಅನ್ನಿಸುವುದು ಸಹಜ. ಆದರೆ 2014ರಲ್ಲಿ ಮಾರಿದ್ದು 2013ರ ಸರಕನ್ನೇ ಅಲ್ಲ. ಪಾತ್ರದ ಕಣ್ಣಿನಿಂದಲೇ ನೋಡುತ್ತ ಆಡುವ ವಿಧಾನವನ್ನು ಆಗ ಹೊಸದಾಗಿ ಸೇರಿಸಿದರು, ಹಳೆಯ ಕನ್ಸೋಲಿನ ಆನ್‌ಲೈನ್ ಪಾತ್ರವನ್ನು ಹೊಸದಕ್ಕೆ ತರಲು ಅವಕಾಶ ಕೊಟ್ಟರು. 2013ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದ ಆನ್‌ಲೈನ್ ಆಟ ಆ ಹೊತ್ತಿಗೆ ಬೇರೂರಿತ್ತು. ಜತೆಗಾರರು ಹೊಸ ಕನ್ಸೋಲಿಗೆ ಹೋದರೆ ಉಳಿದವನೂ ಹೋಗಲೇಬೇಕು. ಪ್ರತಿ ತಾರೀಕಿಗೂ ಕೊಳ್ಳಲು ಒಂದು ಹೊಸ ಕಾರಣವಿತ್ತು, ಆ ಕಾರಣ ಕಟ್ಟುವುದಕ್ಕೆ ಕಂಪನಿ ಕೋಟಿಗಟ್ಟಲೆ ಸುರಿದಿತ್ತು.

ಅದೇ ಕಂಪನಿಯ ‘ರೆಡ್ ಡೆಡ್ ರಿಡೆಂಪ್ಶನ್ 2’ ಕನ್ಸೋಲಿಗೆ ಬಂದದ್ದು 2018ರ ಅಕ್ಟೋಬರ್ 26ಕ್ಕೆ. ಮೊದಲ ಮೂರು ದಿನದ ವಹಿವಾಟು 72.5 ಕೋಟಿ ಡಾಲರ್. ಪಿಸಿಗೆ ಬಂದದ್ದು 2019ರ ನವೆಂಬರ್ 5ಕ್ಕೆ, ಸ್ಟೀಮ್ ಎಂಬ ಆನ್‌ಲೈನ್ ಪಿಸಿ ಗೇಮ್ ಅಂಗಡಿಗೆ ಅದಕ್ಕೂ ಒಂದು ತಿಂಗಳು ತಡವಾಗಿ. ಅಲ್ಲೂ ಫೋಟೊ ಮೋಡ್, ಹೊಸ ಬೇಟೆ, ಹೊಸ ಕುದುರೆ ಎಂದು ಸೇರಿಸಿದ್ದರು. ಆದರೂ ಮೊದಲ ದಿನಗಳಲ್ಲಿ ಲಾಂಚರ್ (ಗೇಮ್ ತೆರೆಯುವ ಪ್ರೋಗ್ರಾಮು) ತೊಂದರೆಯಿಂದ ಎಷ್ಟೋ ಜನರ ಪಿಸಿಯಲ್ಲಿ ಗೇಮ್ ತೆರೆದುಕೊಳ್ಳಲೇ ಇಲ್ಲ. ಈಗ ಅದರ ಒಟ್ಟು ಮಾರಾಟ 7 ಕೋಟಿ ದಾಟಿದೆ ನಿಜ, ಅದರಲ್ಲಿ ವರ್ಷಗಟ್ಟಲೆ ನಡೆದ ರಿಯಾಯಿತಿ ಮಾರಾಟವೂ ಸೇರಿದೆ ಎಂಬುದನ್ನು ಮರೆಯಬಾರದು.

ರಿಯಾಯಿತಿಯ ಲೆಕ್ಕ ಬಿಡಿಸಿ ನೋಡಿ. ಕನ್ಸೋಲಿನಲ್ಲಿ ಹೊಸ ದೊಡ್ಡ ಗೇಮಿನ ಬೆಲೆ ಅಮೆರಿಕದಲ್ಲಿ 70 ಡಾಲರ್. ಡಿಜಿಟಲ್ ಅಂಗಡಿ ಶೇ 30 ಹಿಡಿದುಕೊಂಡರೆ ಪ್ರಕಾಶಕರಿಗೆ ಸಿಗುವುದು 49. ವರ್ಷ ಕಳೆದು ಪಿಸಿಗೆ 60 ಡಾಲರಿಗೆ ಬಂದರೆ ಸಿಗುವುದು 42. ಅಷ್ಟು ಹಳೆಯ ಗೇಮಿಗೆ ಪೂರ್ತಿ ಬೆಲೆ ಕೊಡಲು ಜನ ಹಿಂದೆಮುಂದೆ ನೋಡುತ್ತಾರೆ, ಅರ್ಧ ಬೆಲೆಗೆ ಇಳಿಸಿದರೆ 21. ಅಂದರೆ ಮೊದಲ ವಾರ ತಪ್ಪಿಹೋದ ಒಬ್ಬ ಗಿರಾಕಿಯ ಜಾಗ ತುಂಬಲು ಎರಡನೇ ಸಲ ಇಬ್ಬರಿಗಿಂತ ಹೆಚ್ಚು ಜನ ಬೇಕು. ಇದರ ಮೇಲೆ ಪೋರ್ಟ್ ಮಾಡುವ, ಅಂದರೆ ಗೇಮನ್ನು ಇನ್ನೊಂದು ಯಂತ್ರಕ್ಕೆ ಹೊಂದಿಸುವ ಖರ್ಚು, ಮತ್ತೊಮ್ಮೆ ಪ್ರಚಾರದ ಖರ್ಚು. ಮೊದಲ ಸಲದ ಜಾಹೀರಾತು, ಟ್ರೇಲರ್, ಯೂಟ್ಯೂಬ್ ಗದ್ದಲ ಎಲ್ಲವೂ ಪಿಸಿಯವರ ಕಿವಿಗೂ ಬಿದ್ದಿರುತ್ತದೆ, ಆದರೆ ಅವರ ಬಳಿ ಕೊಳ್ಳಲು ಏನೂ ಇರುವುದಿಲ್ಲ. ವರ್ಷದ ಹೊತ್ತಿಗೆ ಕಥೆ ಪೂರ್ತಿ ಯೂಟ್ಯೂಬಿನಲ್ಲಿ ನೋಡಿ ಮುಗಿದಿರುತ್ತದೆ. ಕಥೆಯೇ ಜೀವಾಳವಾದ ಗೇಮುಗಳಿಗೆ ಇದು ದೊಡ್ಡ ಪೆಟ್ಟು.

ಹಿಂದೆ ಸಿನಿಮಾ ಪ್ರಿಂಟುಗಳು ಕಡಿಮೆ ಇದ್ದಾಗ ಬೆಂಗಳೂರಿನಲ್ಲಿ ಓಡಿದ ಚಿತ್ರ ಜಿಲ್ಲಾ ಕೇಂದ್ರದ ಟಾಕೀಸಿಗೆ, ಆಮೇಲೆ ತಾಲ್ಲೂಕಿನ ಟೆಂಟಿಗೆ ಬರುತ್ತಿತ್ತಲ್ಲ, ಇದೂ ಹಾಗೇ ಎಂದು ಹಲವರು ಹೇಳುತ್ತಾರೆ. ಅರ್ಧ ಮಾತ್ರ ಸರಿ. ಅದೇ ರೀಲು ಜಗಳೂರಿಗೆ ಬಂದರೂ ಅದೇ ಚಿತ್ರ ತೋರಿಸುತ್ತಿತ್ತು. ಗೇಮ್ ಹಾಗಲ್ಲ. ಒಂದು ಯಂತ್ರಕ್ಕೆ ಕಟ್ಟಿದ್ದನ್ನು ಇನ್ನೊಂದಕ್ಕೆ ಮತ್ತೆ ಕಟ್ಟಬೇಕು.

ತಡವಾಗುವುದರ ನಿಜವಾದ ಕಾರಣ ಬಹಳ ಸಲ ಇದೇ ಆಗಿರುತ್ತದೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು. ಪ್ಲೇಸ್ಟೇಷನ್ 5ರಲ್ಲಿ 16 ಜಿಬಿ ಮೆಮೊರಿ ಇದೆ, ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡೂ ಅದನ್ನೇ ಹಂಚಿಕೊಳ್ಳುತ್ತವೆ. ಒತ್ತಿಟ್ಟ ಕಡತಗಳನ್ನು ಬಿಚ್ಚುವುದಕ್ಕೆ ಪ್ರತ್ಯೇಕ ಯಂತ್ರಾಂಶವೇ ಇದೆ. ಪಿಸಿಯಲ್ಲಿ ರ‍್ಯಾಮ್ ಬೇರೆ, ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಬೇರೆ. ಬಿಚ್ಚುವ ಕೆಲಸ ಪ್ರೊಸೆಸರಿನ ತಲೆಗೆ ಬೀಳುತ್ತದೆ. ಕನ್ಸೋಲ್ ಒಂದೇ ಥರದ ಚಿಪ್ ಆದ್ದರಿಂದ ಚಿತ್ರ ಬಿಡಿಸುವ ಪುಟ್ಟ ಪ್ರೋಗ್ರಾಮುಗಳನ್ನು, ಅಂದರೆ ಶೇಡರ್‌ಗಳನ್ನು, ತಯಾರಕರೇ ಮೊದಲೇ ಸಿದ್ಧಮಾಡಿ ಕಳಿಸುತ್ತಾರೆ. ಪಿಸಿಯಲ್ಲಿ ನೂರೆಂಟು ಬಗೆಯ ಕಾರ್ಡು, ನೂರೆಂಟು ಡ್ರೈವರ್. ಶೇಡರ್‌ಗಳನ್ನು ಗಿರಾಕಿಯ ಯಂತ್ರದಲ್ಲೇ ಸಿದ್ಧಮಾಡಿಕೊಳ್ಳಬೇಕು. ಅದನ್ನು ಆಟದ ನಡುವೆ ಮಾಡಿದರೆ ಆಟ ತಡವರಿಸುತ್ತದೆ, ಆಟಕ್ಕೆ ಮೊದಲು ಮಾಡಿದರೆ ಗಿರಾಕಿ ಕಾಯುತ್ತ ಕೂರಬೇಕು.

‘ದ ಲಾಸ್ಟ್ ಆಫ್ ಅಸ್ ಪಾರ್ಟ್ 1’ರಲ್ಲಿ ಆದದ್ದು ಇದೇ. ಪ್ಲೇಸ್ಟೇಷನ್ 5ಕ್ಕೆ ಬಂದದ್ದು 2022ರ ಸೆಪ್ಟೆಂಬರ್ 2ಕ್ಕೆ. ಅದರ ಕಥೆಯನ್ನೇ ಆಧರಿಸಿದ ಟಿವಿ ಸರಣಿ 2023ರ ಜನವರಿ 15ರಿಂದ ಮಾರ್ಚ್ 12ರವರೆಗೆ ಪ್ರಸಾರವಾಗಿ ಜಗತ್ತಿನಾದ್ಯಂತ ಮಾತಾಯಿತು. ಪಿಸಿ ಆವೃತ್ತಿಗೆ ಮೊದಲು ಮಾರ್ಚ್ 3 ಎಂದು ಹೇಳಿದ್ದರು, ಸರಣಿ ನಡೆಯುತ್ತಿರುವಾಗಲೇ ಅಂಗಡಿಗೆ ಬರಬೇಕಿತ್ತು. ಗಾಳಿ ಬಂದಾಗ ತೂರಿಕೊಳ್ಳುವ ಈ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಕೆಲಸ ಮುಗಿಯದೆ ಮಾರ್ಚ್ 28ಕ್ಕೆ ಮುಂದೂಡಿದರು, ಗಾಳಿಯೂ ಹೋಯಿತು, ಕೆಲಸವೂ ಪೂರ್ತಿ ಆಗಿರಲಿಲ್ಲ. ಶೇಡರ್ ಸಿದ್ಧವಾಗುವುದಕ್ಕೇ ಹಲವರ ಪಿಸಿಗಳಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆಗೂ ಮೀರಿ ಹಿಡಿಯಿತು, 8 ಜಿಬಿ ಕಾರ್ಡುಗಳೂ ಏದುಸಿರು ಬಿಟ್ಟವು. ಸ್ಟೀಮ್‌ನಲ್ಲಿ ಹಣ ವಾಪಸ್ ಪಡೆಯಲು ಆಡಿದ ಹೊತ್ತು ಎರಡು ಗಂಟೆಯೊಳಗಿರಬೇಕು, ಕೊಂಡು 14 ದಿನ ಮೀರಿರಬಾರದು. ಶೇಡರ್ ಕಾಯುವ ಹೊತ್ತನ್ನೂ ಸ್ಟೀಮ್ ಆಡಿದ ಹೊತ್ತಿಗೇ ಸೇರಿಸುತ್ತದೆ. ಆಟ ಶುರುವಾಗುವ ಮೊದಲೇ ಅರ್ಧ ಅವಧಿ ಮುಗಿದರೆ ಗಿರಾಕಿ ಏನು ಮಾಡಿಯಾನು? ವಾಪಸ್ ಕೇಳುತ್ತಾನೆ, ಕೆಟ್ಟ ವಿಮರ್ಶೆ ಬರೆಯುತ್ತಾನೆ. ಆ ವಿಮರ್ಶೆಗಳು ಮುಂದಿನ ತಿಂಗಳುಗಳ ಮಾರಾಟವನ್ನೂ ತಿನ್ನುತ್ತವೆ.

ಹಾಗಾದರೆ ಎಲ್ಲ ಕಡೆ ಒಂದೇ ದಿನ ಬಿಟ್ಟರೆ ಸರಿಯೇ? ಅದರ ಗತಿಯನ್ನೂ ನೋಡಿದ್ದೇವೆ. ‘ಸೈಬರ್‌ಪಂಕ್ 2077’ 2020ರ ಡಿಸೆಂಬರ್ 10ಕ್ಕೆ ಪಿಸಿಗೂ ಹಳೆಯ ಕನ್ಸೋಲಿಗೂ ಒಟ್ಟಿಗೇ ಬಂತು. ಹತ್ತು ದಿನದಲ್ಲಿ 1.3 ಕೋಟಿ ಪ್ರತಿಗಳು ಹೋದವು. ಆದರೆ ಪ್ಲೇಸ್ಟೇಷನ್ 4ರಲ್ಲಿ ಆಡಲಾಗದ ಸ್ಥಿತಿ ಇತ್ತು, ಸುಮಾರು ಒಂದು ವಾರದಲ್ಲೇ ಪ್ಲೇಸ್ಟೇಷನ್ ತಯಾರಕ ಸೋನಿ ಅದನ್ನು ತನ್ನ ಡಿಜಿಟಲ್ ಅಂಗಡಿಯಿಂದ ತೆಗೆದುಹಾಕಿತು. ಮತ್ತೆ ಬಂದದ್ದು 2021ರ ಜೂನ್ 21ಕ್ಕೆ. ಅದಕ್ಕೂ ಮೊದಲು, 2015ರ ಜೂನ್‌ನಲ್ಲಿ, ‘ಬ್ಯಾಟ್‌ಮನ್: ಆರ್ಕಮ್ ನೈಟ್’ನ ಪಿಸಿ ಆವೃತ್ತಿಯನ್ನು ಬಂದ ಎರಡೇ ದಿನಕ್ಕೆ ಮಾರಾಟದಿಂದ ಹಿಂತೆಗೆದು ಅಕ್ಟೋಬರ್ 28ಕ್ಕೆ ಮತ್ತೆ ಬಿಟ್ಟಿದ್ದರು. ಹೆಸರಿಗೆ ಒಂದೇ ತಾರೀಕು, ವಾಸ್ತವದಲ್ಲಿ ಎರಡು, ಅದೂ ಮಾನ ಕಳೆದುಕೊಂಡು.

ಇದಕ್ಕೆ ಎದುರಾಗಿ ‘ಹಾಗ್ವಾರ್ಟ್ಸ್ ಲೆಗಸಿ’ ಮಾಡಿದ್ದು ನಮಗೆ ಮೆಚ್ಚುಗೆಯಾದ ಕ್ರಮ. 2023ರ ಫೆಬ್ರುವರಿ 10ಕ್ಕೆ ಪಿಸಿ ಮತ್ತು ಹೊಸ ಕನ್ಸೋಲ್. ಮೇ 5ಕ್ಕೆ ಹಳೆಯ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್. ನವೆಂಬರ್ 14ಕ್ಕೆ ಎಲ್ಲಕ್ಕಿಂತ ದುರ್ಬಲ ಕನ್ಸೋಲಾದ ನಿಂಟೆಂಡೊ ಸ್ವಿಚ್. ಯಂತ್ರದ ಶಕ್ತಿ ಕಡಿಮೆಯಾದಷ್ಟೂ ಕೆಲಸ ಹೆಚ್ಚು, ಕೆಲಸ ಹೆಚ್ಚಾದಷ್ಟೂ ತಾರೀಕು ತಡ. ಎಲ್ಲವೂ ಒಂದೇ ವರ್ಷದೊಳಗೆ ಮುಗಿದದ್ದರಿಂದ ಪ್ರಚಾರದ ಬಿಸಿ ಆರಲಿಲ್ಲ. ಆ ವರ್ಷಾಂತ್ಯಕ್ಕೆ 2.2 ಕೋಟಿ ಪ್ರತಿಗಳು ಮಾರಾಟವಾಗಿದ್ದವು.

‘ಬಾಲ್ಡರ್ಸ್ ಗೇಟ್ 3’ರದು ಇನ್ನೂ ಚತುರ ನಡೆ. ಪಿಸಿ ಮತ್ತು ಪ್ಲೇಸ್ಟೇಷನ್ 5 ಎರಡಕ್ಕೂ 2023ರ ಆಗಸ್ಟ್ 31 ಎಂದು ಮೊದಲು ನಿಗದಿಯಾಗಿತ್ತು. ಸೆಪ್ಟೆಂಬರ್ 6ಕ್ಕೆ ‘ಸ್ಟಾರ್‌ಫೀಲ್ಡ್’ ಎಂಬ ಭಾರಿ ಗೇಮ್ ಪಿಸಿ ಮತ್ತು ಎಕ್ಸ್‌ಬಾಕ್ಸಿಗೆ ಬರುವುದಿತ್ತು. ಪಿಸಿ ಆವೃತ್ತಿಯನ್ನು ಆಗಸ್ಟ್ 3ಕ್ಕೆ ಹಿಂದಕ್ಕೆಳೆದು ಇಡೀ ತಿಂಗಳು ಬಯಲು ಖಾಲಿ ಮಾಡಿಕೊಂಡರು. ಪ್ಲೇಸ್ಟೇಷನ್ ಆವೃತ್ತಿಯನ್ನು ಸರಿಯಾಗಿ ಸೆಪ್ಟೆಂಬರ್ 6ಕ್ಕೇ ಇಟ್ಟರು, ಏಕೆಂದರೆ ‘ಸ್ಟಾರ್‌ಫೀಲ್ಡ್’ ಪ್ಲೇಸ್ಟೇಷನ್‌ಗೆ ಬರುವಂತಿರಲಿಲ್ಲ. ಎಕ್ಸ್‌ಬಾಕ್ಸ್ ಆವೃತ್ತಿ ಮಾತ್ರ ಸಿಕ್ಕಿಹಾಕಿಕೊಂಡಿತು. ಸೀರೀಸ್ ಎಕ್ಸ್‌ನಲ್ಲಿ 16 ಜಿಬಿ ಮೆಮೊರಿ ಇದ್ದರೆ ಅಗ್ಗದ ಸೀರೀಸ್ ಎಸ್‌ನಲ್ಲಿ ಹತ್ತೇ ಜಿಬಿ. ಎರಡರಲ್ಲೂ ಒಂದೇ ಸೌಲಭ್ಯ ಇರಬೇಕೆಂಬುದು ಮೈಕ್ರೊಸಾಫ್ಟ್ ನಿಯಮ. ಇಬ್ಬರು ಒಂದೇ ಪರದೆಯನ್ನು ಹಂಚಿಕೊಂಡು ಆಡುವ ಸೌಲಭ್ಯ ಆ ಹತ್ತು ಜಿಬಿಯಲ್ಲಿ ಕೂರಲಿಲ್ಲ. ಕೊನೆಗೆ ಮೈಕ್ರೊಸಾಫ್ಟ್ ನಿಯಮ ಸಡಿಲಿಸಿತು, ಗೇಮ್ ಡಿಸೆಂಬರ್ 7ಕ್ಕೆ ಬಂತು. ಅದೇ ದಿನ ‘ದ ಗೇಮ್ ಅವಾರ್ಡ್ಸ್’ ಸಮಾರಂಭದಲ್ಲಿ ಅದಕ್ಕೆ ವರ್ಷದ ಅತ್ಯುತ್ತಮ ಗೇಮ್ ಪ್ರಶಸ್ತಿಯೂ ಬಂದದ್ದರಿಂದ ತಡವಾದ ಆವೃತ್ತಿಗೆ ಪುಕ್ಕಟೆ ಪ್ರಚಾರ ಸಿಕ್ಕಿತು. ಪ್ರಶಸ್ತಿ ಬಂದದ್ದು ಅದೃಷ್ಟ, ಯೋಜನೆಯಲ್ಲ.

ಹಲವರು ಒಟ್ಟಾಗಿ ಆಡುವ ಗೇಮುಗಳಲ್ಲಿ ತಾರೀಕು ಒಡೆದರೆ ಆಗುವ ಹಾನಿ ಬೇರೆ ಬಗೆಯದು. ‘ಮಾನ್‌ಸ್ಟರ್ ಹಂಟರ್: ವರ್ಲ್ಡ್’ ಕನ್ಸೋಲಿಗೆ 2018ರ ಜನವರಿ 26ಕ್ಕೆ, ಪಿಸಿಗೆ ಆಗಸ್ಟ್ 9ಕ್ಕೆ ಬಂತು. ಅದರ ವಿಸ್ತರಣೆಯಾದ ‘ಐಸ್‌ಬೋರ್ನ್’ ಕೂಡ ಪಿಸಿಗೆ ನಾಲ್ಕು ತಿಂಗಳು ತಡ. ಪಿಸಿಯವರೂ ಕನ್ಸೋಲಿನವರೂ ಒಟ್ಟಿಗೆ ಆಡುವಂತೆಯೂ ಇರಲಿಲ್ಲ. ಒಂದು ಕಡೆಯವರು ಎಲ್ಲ ಮೃಗಗಳನ್ನೂ ಬೇಟೆಯಾಡಿ ಮುಗಿಸಿದ್ದಾಗ ಇನ್ನೊಂದು ಕಡೆಯವರು ಆಗಷ್ಟೇ ಕೊಂಡು ಕೂರುತ್ತಿದ್ದರು. ಹೀಗಾಗಿ ಕ್ಯಾಪ್‌ಕಾಮ್ ಕಂಪನಿ ‘ಮಾನ್‌ಸ್ಟರ್ ಹಂಟರ್ ವೈಲ್ಡ್ಸ್’ ಅನ್ನು 2025ರ ಫೆಬ್ರುವರಿ 28ಕ್ಕೆ ಎಲ್ಲ ಕಡೆ ಒಂದೇ ದಿನ, ಯಾರು ಯಾರೊಂದಿಗಾದರೂ ಆಡುವಂತೆ ಬಿಟ್ಟಿತು. ಮೂರು ದಿನಕ್ಕೆ 80 ಲಕ್ಷ, ಒಂದು ತಿಂಗಳಿಗೆ ಒಂದು ಕೋಟಿ ಪ್ರತಿ. ಇಲ್ಲಿಗೆ ನಿಲ್ಲಿಸಿದರೆ ಒಂದೇ ತಾರೀಕಿನ ವಾದ ಗೆದ್ದಂತೆ. ಆದರೆ ಆಮೇಲಿನ ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ಹೋದದ್ದು 4.77 ಲಕ್ಷ ಮಾತ್ರ. ಪಿಸಿಯಲ್ಲಿ ಗೇಮ್ ಕುಂಟುತ್ತಿದ್ದುದು ಇದಕ್ಕೆ ಒಂದು ಮುಖ್ಯ ಕಾರಣ, ಸ್ಟೀಮ್ ವಿಮರ್ಶೆಗಳನ್ನು ಓದಿದರೆ ಗೊತ್ತಾಗುತ್ತದೆ. ಒಂದೇ ತಾರೀಕು ಮೊದಲ ವಾರವನ್ನು ಕೊಡುತ್ತದೆ, ಎರಡನೇ ತಿಂಗಳನ್ನು ಕೊಡುವುದು ಪೋರ್ಟಿನ ಗುಣಮಟ್ಟ. 2024ರ ಫೆಬ್ರುವರಿ 8ಕ್ಕೆ ಪ್ಲೇಸ್ಟೇಷನ್ 5 ಮತ್ತು ಪಿಸಿಗೆ ಒಟ್ಟಿಗೇ ಬಂದ ‘ಹೆಲ್‌ಡೈವರ್ಸ್ 2’ ಎರಡನ್ನೂ ಗಳಿಸಿತು, 12 ವಾರದಲ್ಲಿ 1.2 ಕೋಟಿ ಪ್ರತಿ. ಅದು ಎಕ್ಸ್‌ಬಾಕ್ಸಿಗೆ ಬಂದದ್ದು 2025ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಒಂದೂವರೆ ವರ್ಷದ ಹೊಸ ಆಯುಧ, ಹೊಸ ಶತ್ರುಗಳು ಸೇರಿಕೊಂಡಿದ್ದರಿಂದ ತಡವಾಗಿ ಬಂದವರಿಗೆ ಹಳಸಿದ್ದು ಬಡಿಸಿದಂತಾಗಲಿಲ್ಲ.

ತಡದ ಇನ್ನೊಂದು ಕಾರಣ ಶುದ್ಧ ವ್ಯಾಪಾರ. ಇಂತಿಷ್ಟು ತಿಂಗಳು ನಮ್ಮಲ್ಲೇ ಮಾರಬೇಕು ಎಂದು ಅಂಗಡಿಯವರು ಅಥವಾ ಕನ್ಸೋಲ್ ಕಂಪನಿಯವರು ದುಡ್ಡು ಕೊಟ್ಟು ಹಕ್ಕು ಕೊಳ್ಳುತ್ತಾರೆ. ‘ಕಂಟ್ರೋಲ್’ ಗೇಮಿನ ಪಿಸಿ ಆವೃತ್ತಿ ಒಂದು ವರ್ಷ ಎಪಿಕ್ ಅಂಗಡಿಯಲ್ಲಿ ಮಾತ್ರ ಸಿಗುವಂತೆ ಮಾಡಲು ಎಪಿಕ್ ಕೊಟ್ಟದ್ದು 94.9 ಲಕ್ಷ ಯೂರೊ. ಪ್ರಕಾಶಕರ ಲೆಕ್ಕಪತ್ರದಲ್ಲೇ ಈ ಅಂಕಿ ಇದೆ. ಇಂಥ ಒಪ್ಪಂದದಲ್ಲಿ ಮಾರಾಟ ಕಡಿಮೆಯಾದರೂ ಪ್ರಕಾಶಕರಿಗೆ ನಷ್ಟವಿಲ್ಲ, ದುಡ್ಡು ಮೊದಲೇ ಜೇಬು ಸೇರಿರುತ್ತದೆ. ಎಪಿಕ್ ಹಿಡಿದುಕೊಳ್ಳುವುದೂ ಹೆಚ್ಚೆಂದರೆ ಶೇ 12. ಆದರೆ ಇನ್ನೊಂದು ಸೂಕ್ಷ್ಮವಿದೆ. ಸ್ಟೀಮ್‌ನಲ್ಲಿ ಒಂದು ಗೇಮಿನ ಗಳಿಕೆ ಒಂದು ಕೋಟಿ ಡಾಲರ್ ದಾಟಿದ ಮೇಲೆ ಕಮಿಷನ್ ಶೇ 25ಕ್ಕೆ, ಐದು ಕೋಟಿ ದಾಟಿದ ಮೇಲೆ ಶೇ 20ಕ್ಕೆ ಇಳಿಯುತ್ತದೆ. ಬಿಸಿ ಆರಿದ ಮೇಲೆ ಸ್ಟೀಮ್‌ಗೆ ಬಂದ ಗೇಮಿಗೆ ಆ ಮೆಟ್ಟಿಲು ಹತ್ತುವುದು ಕಷ್ಟ.

ಸ್ಕ್ವೇರ್ ಎನಿಕ್ಸ್ ಕಂಪನಿಯ ಕಥೆ ಈ ವಿಷಯದಲ್ಲಿ ಎಲ್ಲರಿಗಿಂತ ಸ್ಪಷ್ಟ. ‘ಫೈನಲ್ ಫ್ಯಾಂಟಸಿ 16’ 2023ರ ಜೂನ್ 22ಕ್ಕೆ ಪ್ಲೇಸ್ಟೇಷನ್ 5ಕ್ಕೆ ಮಾತ್ರ ಬಂತು, ಮೊದಲ ವಾರಕ್ಕೆ 30 ಲಕ್ಷ ಪ್ರತಿ. ಪಿಸಿಗೆ 2024ರ ಸೆಪ್ಟೆಂಬರ್, ಎಕ್ಸ್‌ಬಾಕ್ಸಿಗೆ 2025ರ ಜೂನ್. ಪ್ಲೇಸ್ಟೇಷನ್ ಆವೃತ್ತಿ ಬಂದು ವರ್ಷ ತುಂಬುವ ಮೊದಲೇ, 2024ರ ಮೇ ತಿಂಗಳಲ್ಲಿ, ಇನ್ನು ಮುಂದೆ ಹಲವು ಯಂತ್ರಗಳಿಗೆ ಗೇಮ್ ತರುವುದೇ ನಮ್ಮ ನೀತಿ ಎಂದು ಕಂಪನಿ ತನ್ನ ಮೂರು ವರ್ಷದ ಯೋಜನೆಯಲ್ಲಿ ಬಹಿರಂಗವಾಗಿ ಹೇಳಿತು. ಎರಡು ಸಲ ಮಾರಿ ದುಡ್ಡು ಬಾಚಿದ್ದರೆ ಹೀಗೆ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ.

ಸೋನಿಯದು ಮಾತ್ರ ವಿಶಿಷ್ಟ ಲೆಕ್ಕ. ‘ಗಾಡ್ ಆಫ್ ವಾರ್’ ಪ್ಲೇಸ್ಟೇಷನ್ 4ಕ್ಕೆ ಬಂದದ್ದು 2018ರ ಏಪ್ರಿಲ್ 20ಕ್ಕೆ, ಪಿಸಿಗೆ ಬಂದದ್ದು 2022ರ ಜನವರಿ 14ಕ್ಕೆ. ಅದೇ ವರ್ಷ ನವೆಂಬರ್ 9ಕ್ಕೆ ಅದರ ಮುಂದಿನ ಭಾಗ ಪ್ಲೇಸ್ಟೇಷನ್‌ಗೆ ಬಂತು. ಹಳೆಯ ಭಾಗ ಪಿಸಿಯಲ್ಲಿ ಆಡಿ ಮುಗಿಸಿದವನು ಮುಂದಿನದಕ್ಕೆ ಕನ್ಸೋಲ್ ಕೊಳ್ಳಲಿ ಎಂಬುದು ಅಲ್ಲಿನ ಆಸೆ. ಇಂಥ ಕಡೆ ಪಿಸಿ ಮಾರಾಟವನ್ನು ಬಿಡಿಯಾಗಿ ತೂಗಿ ಸೋಲು ಗೆಲುವು ಹೇಳಿದರೆ ಪ್ರಯೋಜನವಿಲ್ಲ.

ಇನ್ನು ನಮ್ಮೂರಿನ ಹುಡುಗರ ವಿಷಯ. ರಾಜ್ಯ ಸರ್ಕಾರದ ಅನಿಮೇಷನ್ ಮತ್ತು ಗೇಮಿಂಗ್ ನೀತಿ ಬಂದ ಮೇಲೆ ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಗೇಮ್ ಮಾಡುವ ಗುಂಪುಗಳು ಹುಟ್ಟಿಕೊಳ್ಳುತ್ತಿವೆ. ತರಬೇತಿಯಲ್ಲಿ ಯೂನಿಟಿ, ಅನ್‌ರಿಯಲ್ ಎಂಬ ಗೇಮ್ ಕಟ್ಟುವ ತಂತ್ರಾಂಶಗಳನ್ನು ಹೇಳಿಕೊಡುತ್ತಾರೆ, ಬಿಡುಗಡೆ ಹೇಗೆ ಎಂದು ಯಾರೂ ಹೇಳಿಕೊಡುವುದಿಲ್ಲ. ಸಣ್ಣ ತಂಡ ಮೊದಲ ದಿನವೇ ಐದು ಯಂತ್ರಗಳಿಗೆ ಬಿಡಲು ಹೋದರೆ ಐದರಲ್ಲೂ ಕೆಡುತ್ತದೆ. ‘ಸ್ಟಾರ್‌ಡ್ಯೂ ವ್ಯಾಲಿ’ ಒಬ್ಬನೇ ಮಾಡಿದ ಗೇಮ್. 2016ರ ಫೆಬ್ರುವರಿ 26ಕ್ಕೆ ಪಿಸಿ, ಅದೇ ವರ್ಷಾಂತ್ಯಕ್ಕೆ ಕನ್ಸೋಲ್, 2017ರ ಅಕ್ಟೋಬರ್‌ಗೆ ಸ್ವಿಚ್, 2018ಕ್ಕೆ ಐಫೋನ್, 2019ರ ಮಾರ್ಚ್‌ಗೆ ಆಂಡ್ರಾಯ್ಡ್. ನಾಲ್ಕು ಕೋಟಿ ಪ್ರತಿ ದಾಟಿದೆ. ‘ಹಾಲೋ ನೈಟ್’ 2017ರ ಫೆಬ್ರುವರಿಯಲ್ಲಿ ಪಿಸಿಗೆ ಬಂದು, 2018ರ ಜೂನ್ 12ಕ್ಕೆ ಸ್ವಿಚ್‌ಗೆ ಬಂದಾಗ ಎರಡೇ ವಾರದಲ್ಲಿ ಎರಡೂವರೆ ಲಕ್ಷ ಪ್ರತಿ ಹೋಯಿತು. ಪಿಸಿಯಲ್ಲಿ ಸಂಪಾದಿಸಿದ ಹೆಸರೇ ಅಲ್ಲಿ ಜಾಹೀರಾತು. ದೊಡ್ಡವರಿಗೆ ವರ್ಷದಲ್ಲಿ ಬಿಸಿ ಆರುತ್ತದೆ, ಸಣ್ಣವರಿಗೆ ಬಿಸಿ ಏರುವುದಕ್ಕೇ ವರ್ಷ ಬೇಕು. ಒಂದೇ ತಾರೀಕು, ಹಲವು ತಾರೀಕು ಎಂಬ ಚರ್ಚೆಯಲ್ಲಿ ಈ ವ್ಯತ್ಯಾಸವನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ.

ಭಾರತದ್ದೇ ಉದಾಹರಣೆ ಬೇಕಾದರೆ ಪುಣೆಯ ತಂಡದ ‘ರಾಜಿ’ ಇದೆ. 2020ರ ಆಗಸ್ಟ್ 18ಕ್ಕೆ ಮೊದಲು ಸ್ವಿಚ್‌ಗೆ ಮಾತ್ರ, ಅಕ್ಟೋಬರ್ 15ಕ್ಕೆ ಪಿಸಿ, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸಿಗೆ. ನಿಂಟೆಂಡೊ ಕಂಪನಿ ಸ್ವಿಚ್ ಅನ್ನು ಭಾರತದಲ್ಲಿ ಅಧಿಕೃತವಾಗಿ ಮಾರುತ್ತಲೇ ಇರಲಿಲ್ಲ! ನಮ್ಮ ಪುರಾಣದ ದುರ್ಗೆ, ನಮ್ಮ ಗುಡಿಗಳ ಚಿತ್ರಣ, ಆದರೆ ಮೊದಲೆರಡು ತಿಂಗಳು ನಮ್ಮ ಅಂಗಡಿಯಲ್ಲಿಟ್ಟು ಮಾರುವಂತಿಲ್ಲ. ಹೊರದೇಶದಲ್ಲಿ ಗಮನ ಸೆಳೆಯಲು ಆ ಆಯ್ಕೆ ಸರಿಯೇ ಇದ್ದೀತು. ಇಲ್ಲಿನ ಉತ್ಸಾಹ ಮಾತ್ರ ಅಕ್ಟೋಬರ್‌ವರೆಗೆ ಕಾಯಲಿಲ್ಲ.

ಪಿಸಿಯಿಂದ ಶುರುಮಾಡುವವರಿಗೆ ಕ್ರಮ ಹೀಗಿದೆ. ಸ್ಟೀಮ್‌ಗೆ ಒಂದು ಗೇಮಿಗೆ ನೂರು ಡಾಲರ್ ಶುಲ್ಕ ಕಟ್ಟಬೇಕು, ಗಳಿಕೆ ಸಾವಿರ ಡಾಲರ್ ಮುಟ್ಟಿದರೆ ಅದು ವಾಪಸ್ ಬರುತ್ತದೆ. ಶುಲ್ಕ ಕಟ್ಟಿದ 30 ದಿನದವರೆಗೆ ಬಿಡುಗಡೆ ಮಾಡುವಂತಿಲ್ಲ, ‘ಶೀಘ್ರದಲ್ಲಿ’ ಎಂಬ ಪುಟ ಕನಿಷ್ಠ ಎರಡು ವಾರ ತೆರೆದಿರಬೇಕು. ಎರಡು ವಾರ ಕನಿಷ್ಠ ಮಾತ್ರ, ಆರೆಂಟು ತಿಂಗಳು ಮೊದಲೇ ತೆರೆದರೆ ಒಳ್ಳೆಯದು. ವಿಶ್‌ಲಿಸ್ಟ್ ಮಾಡಿಕೊಂಡವರಿಗೆ, ಅಂದರೆ ಮುಂದೆ ಕೊಳ್ಳಬೇಕೆಂದು ಗುರುತು ಹಾಕಿಕೊಂಡವರಿಗೆ, ಬಿಡುಗಡೆಯ ದಿನ ಸ್ಟೀಮೇ ಇಮೇಲ್ ಕಳಿಸುತ್ತದೆ, ಆಮೇಲೆ ಶೇ 20ಕ್ಕೆ ಕಡಿಮೆಯಿಲ್ಲದ ರಿಯಾಯಿತಿ ಕೊಟ್ಟಾಗ ಮತ್ತೆ ಕಳಿಸುತ್ತದೆ. ಶೇ 15 ಇಳಿಸಿದರೆ ಇಮೇಲೂ ಇಲ್ಲ, ದುಡ್ಡೂ ಹೋಯಿತು. ಒಂದು ರಿಯಾಯಿತಿ ಮುಗಿದ ಮೇಲೆ ಮುಂದಿನದಕ್ಕೆ 30 ದಿನ ಕಾಯಬೇಕು, ಆದ್ದರಿಂದ ಕನ್ಸೋಲ್ ಬಿಡುಗಡೆಯ ತಾರೀಕಿಗೆ ಹೊಂದಿಸಿ ಪಿಸಿ ರಿಯಾಯಿತಿ ಇಟ್ಟುಕೊಳ್ಳಿ. ಎರಡನೇ ತಾರೀಕು ಮೊದಲನೆಯದಕ್ಕೂ ಜೀವ ಕೊಡುತ್ತದೆ. ಸ್ಟೀಮ್ ನಡೆಸುವ ನೆಕ್ಸ್ಟ್ ಫೆಸ್ಟ್ ಎಂಬ ಡೆಮೊ ಹಬ್ಬದಲ್ಲಿ ಒಂದು ಗೇಮಿಗೆ ಒಂದೇ ಅವಕಾಶ, ಅರ್ಧಂಬರ್ಧ ಡೆಮೊ ತೋರಿಸಿ ಅದನ್ನು ಸುಟ್ಟುಕೊಳ್ಳಬೇಡಿ.

ಕನ್ಸೋಲಿಗೆ ಹೋಗುವಾಗ ಸೋನಿ, ಮೈಕ್ರೊಸಾಫ್ಟ್, ನಿಂಟೆಂಡೊ ಮೂರೂ ಕಂಪನಿಗಳ ಪ್ರಮಾಣೀಕರಣ ಬೇರೆ ಬೇರೆ. ಆಟದ ನಡುವೆ ಕಂಟ್ರೋಲರ್ ಸಂಪರ್ಕ ತಪ್ಪಿದರೆ ಆಟ ತಾನಾಗಿ ನಿಲ್ಲುತ್ತದೆಯೇ, ಸೇವ್ ಆಗುವಾಗ ಕರೆಂಟ್ ಹೋದರೆ ಕಡತ ಕೆಡುತ್ತದೆಯೇ, ಯಂತ್ರವನ್ನು ಮಲಗಿಸಿ ಎಬ್ಬಿಸಿದರೆ ಆಟ ಮುಂದುವರಿಯುತ್ತದೆಯೇ, ಗುಂಡಿಗಳ ಹೆಸರು ಆಯಾ ಕನ್ಸೋಲಿನವೇ ಇವೆಯೇ, ಹೆಚ್ಚಾಗಿ ಇಂಥ ಚಿಕ್ಕ ವಿಷಯಗಳಿಗೇ ತಿರಸ್ಕಾರ ಬರುವುದು. ಒಂದು ಸಲ ತಿರಸ್ಕಾರವಾದರೆ ವಾರಗಟ್ಟಲೆ ಹೋಗುತ್ತದೆ. ಪ್ರಮಾಣಪತ್ರ ಕೈಗೆ ಬರುವವರೆಗೆ ಕನ್ಸೋಲ್ ತಾರೀಕು ಘೋಷಿಸಲೇಬೇಡಿ. ಮೊಬೈಲ್‌ಗೆ ಕೊನೆಗೆ ಬನ್ನಿ. ಗೂಗಲ್ ಪ್ಲೇಗೆ ಒಂದೇ ಸಲ 25 ಡಾಲರ್, ಆದರೆ ವೈಯಕ್ತಿಕ ಹೊಸ ಖಾತೆಯಾದರೆ 12 ಜನ ಪರೀಕ್ಷಕರು ಸತತ 14 ದಿನ ಬಳಸಿರಬೇಕು. ಆ್ಯಪಲ್‌ಗೆ ವರ್ಷಕ್ಕೆ 99 ಡಾಲರ್. ಅಮೆರಿಕದಲ್ಲಿ ಆದ ಮಾರಾಟದ ಮೇಲೆ ಅಲ್ಲಿನ ತೆರಿಗೆ ಶೇ 30 ಮುರಿದುಕೊಳ್ಳುತ್ತಾರೆ. ಪ್ಯಾನ್ ಸಂಖ್ಯೆ ಕೊಟ್ಟು ತೆರಿಗೆ ಒಪ್ಪಂದದ ನಮೂನೆ ತುಂಬಿದರೆ ಅದು ಶೇ 15ಕ್ಕೆ ಇಳಿಯುತ್ತದೆ. ಮೊದಲ ಮಾರಾಟಕ್ಕೆ ಮುಂಚೆಯೇ ತುಂಬಿ.

ಕೊಳ್ಳುವವರಿಗೂ ಅಂಗಡಿಯವರಿಗೂ ಎರಡು ಮಾತು. ಕನ್ಸೋಲಿನ ಹೊಸ ಡಿಸ್ಕ್ ಸುಮಾರು ಐದು ಸಾವಿರ ರೂಪಾಯಿಗೆ ಬಂದು ಪಿ.ಜೆ. ಬಡಾವಣೆಯಿಂದ ಹರಿಹರದವರೆಗೆ ನಾಲ್ಕು ಕೈ ದಾಟುತ್ತದೆ, ಕಂಪನಿಗೆ ಸಿಗುವುದು ಮೊದಲ ಕೈಯ ದುಡ್ಡು ಮಾತ್ರ. ತಡವಾಗಿ ಬರುವ ಪಿಸಿ ಆವೃತ್ತಿಗೆ ಸಾಮಾನ್ಯವಾಗಿ ಡಿಸ್ಕೇ ಇರುವುದಿಲ್ಲ, ಕಂಪನಿಗಳಿಗೆ ಅದೂ ಒಂದು ಆಕರ್ಷಣೆ. ಪಿಸಿ ತಾರೀಕು ಘೋಷಣೆಯಾದ ದಿನದಿಂದ ಹಳೆಯ ಡಿಸ್ಕಿನ ಬೆಲೆ ಇಳಿಯಲು ಶುರುವಾಗುತ್ತದೆ, ಅಂಗಡಿಯವರು ಅಷ್ಟರೊಳಗೆ ದಾಸ್ತಾನು ಖಾಲಿ ಮಾಡಿಕೊಳ್ಳುವುದು ಮೇಲು.

‘ಜಿಟಿಎ 6’ಗೆಂದು ಈಗಲೇ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವವರಿದ್ದಾರೆ. ದಯವಿಟ್ಟು ಬೇಡ. ಪಿಸಿ ಆವೃತ್ತಿಯ ಅಧಿಕೃತ ಅಗತ್ಯಪಟ್ಟಿ ಬಂದ ಮೇಲೆ, ಅದರ ಶಿಫಾರಸು ಸಾಲನ್ನು ನೋಡಿ ಕೊಳ್ಳಿ. ಕನಿಷ್ಠ ಸಾಲನ್ನು ನಂಬಬೇಡಿ. ‘ರೆಡ್ ಡೆಡ್ 2’ಕ್ಕೆ ಕನಿಷ್ಠ 2 ಜಿಬಿ ಕಾರ್ಡ್, ಶಿಫಾರಸು 6 ಜಿಬಿ ಎಂದಿತ್ತು, ಜಾಗ 150 ಜಿಬಿ. ಅಷ್ಟನ್ನು 40 ಎಂಬಿಪಿಎಸ್ ಫೈಬರಿನಲ್ಲಿ ಇಳಿಸಲು ಎಂಟು ಗಂಟೆ 20 ನಿಮಿಷ ಬೇಕು, ನೂರು ಎಂಬಿಪಿಎಸ್ ಇದ್ದರೆ ಮೂರು ಗಂಟೆ 20 ನಿಮಿಷ. ದಿನಕ್ಕೆ ಒಂದೂವರೆ ಜಿಬಿ ಕೊಡುವ ಮೊಬೈಲ್ ಪ್ಲಾನಿನಲ್ಲಾದರೆ ನೂರು ದಿನ! ಮೊದಲೇ ಇಳಿಸಿಟ್ಟುಕೊಂಡರೂ ಬಿಡುಗಡೆಯ ಹೊತ್ತಿಗೆ ಕಡತ ಬಿಚ್ಚಿಕೊಳ್ಳಲು ಹೆಚ್ಚುವರಿ ಜಾಗ ಬೇಕು, ಹಳೆಯ ಹಾರ್ಡ್ ಡಿಸ್ಕಿನಲ್ಲಿ ಅದಕ್ಕೇ ಗಂಟೆಗಟ್ಟಲೆ ಹಿಡಿಯುತ್ತದೆ. ತಡವಾಗಿ ಬಂದ ಪಿಸಿ ಆವೃತ್ತಿಯನ್ನು ಮೊದಲ ದಿನವೇ ಕೊಳ್ಳಲೇಬೇಕೆಂದಿದ್ದರೆ ಗಡಿಯಾರ ನೋಡಿಕೊಂಡು ಒಂದೂವರೆ ಗಂಟೆಯೊಳಗೆ ಇಟ್ಟುಕೊಳ್ಳಬೇಕೋ ಬೇಡವೋ ತೀರ್ಮಾನಿಸಿ. ಪ್ಲೇಸ್ಟೇಷನ್ ಅಂಗಡಿಯಲ್ಲಾದರೆ ಇಳಿಸಲು ಶುರುಮಾಡಿದ ಮೇಲೆ ಸಾಮಾನ್ಯವಾಗಿ ಹಣ ವಾಪಸ್ ಇಲ್ಲ.

ಪತ್ರಿಕೆಗೆ ಒಂದು ಕೋರಿಕೆ. ಗೇಮ್ ಬಿಡುಗಡೆಯ ಸುದ್ದಿ ಹಾಕುವಾಗ ಬರೀ ತಾರೀಕು ಅಚ್ಚು ಮಾಡಬೇಡಿ, ಯಾವ ಯಂತ್ರಕ್ಕೆ, ಯಾವ ದೇಶಕ್ಕೆ, ಎಷ್ಟು ಗಂಟೆಗೆ ಎಂಬುದನ್ನೂ ಸೇರಿಸಿ. ಪ್ಲೇಸ್ಟೇಷನ್ 5 ಯಂತ್ರವೇ 2020ರ ನವೆಂಬರ್ 12ಕ್ಕೆ ಅಮೆರಿಕ ಮತ್ತು ಜಪಾನಿನಲ್ಲಿ ಬಂದು ಭಾರತಕ್ಕೆ 2021ರ ಫೆಬ್ರುವರಿ 2ಕ್ಕೆ ಬಂದಿತ್ತು, ಎಕ್ಸ್‌ಬಾಕ್ಸ್ ಸೀರೀಸ್ ಮಾತ್ರ ನವೆಂಬರ್ 10ಕ್ಕೇ ಇಲ್ಲೂ ಸಿಕ್ಕಿತ್ತು. ಕನ್ಸೋಲ್ ಗೇಮುಗಳು ಬಹುಮಟ್ಟಿಗೆ ಆಯಾ ದೇಶದ ನಡುರಾತ್ರಿಗೆ ತೆರೆದುಕೊಳ್ಳುತ್ತವೆ, ಪಿಸಿ ಗೇಮುಗಳು ಜಗತ್ತಿಗೆಲ್ಲ ಒಂದೇ ಕ್ಷಣಕ್ಕೆ. ನ್ಯೂಯಾರ್ಕಿನ ನಡುರಾತ್ರಿ ಎಂದರೆ ಬೇಸಿಗೆಯಲ್ಲಿ ನಮಗೆ ಬೆಳಿಗ್ಗೆ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ. ಅಮೆರಿಕದ ಪಶ್ಚಿಮ ಕರಾವಳಿಯ ಬೆಳಿಗ್ಗೆ ಹತ್ತು ಗಂಟೆ ಎಂದರೆ ಬೇಸಿಗೆಯಲ್ಲಿ ನಮಗೆ ರಾತ್ರಿ ಹತ್ತೂವರೆ, ನವೆಂಬರ್ ಮೊದಲ ಭಾನುವಾರದ ನಂತರ ಹನ್ನೊಂದೂವರೆ.

ಇಂತಿ ತಮ್ಮ ಓದುಗರು,
ಗೇಮ್ ಮಾರಾಟ, ಪಿಸಿ ಜೋಡಣೆ ಮತ್ತು ಗೇಮ್ ತರಬೇತಿ ವೃತ್ತಿಯವರು,
ದಾವಣಗೆರೆ